ದಿನದ ಹಣಕ್ಕೆ ದಿನದ ಬೆಳಕು

ಪೂರ್ವ ಆಫ್ರಿಕದ ಕೀನ್ಯಾ ದೇಶದ ಜನ ಹಣಕ್ಕೆ ‘ಪೇಸ’ ಎನ್ನುತ್ತಾರೆ. ಅದು ನಮ್ಮ ಪೈಸೆಯೇ. ವರ್ತಕರೊಡನೆ ಹಡಗೇರಿ ಹಿಂದೂ ಮಹಾಸಾಗರವನ್ನು ದಾಟಿ, ಸ್ವಾಹಿಲಿ ನುಡಿಯಲ್ಲಿ ನೆಲೆಸಿ, ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಆ ನಾಡಿನಲ್ಲಿ ರೂಪಾಯಿಯೇ ಚಲಾವಣೆಯಲ್ಲಿದ್ದ ಕಾಲವನ್ನು ಕಂಡು, ರೂಪಾಯಿ ಹೋದ ಮೇಲೂ ಉಳಿದುಕೊಂಡ ಮಾತು. 2007ರ ಮಾರ್ಚಿನಲ್ಲಿ ಸಫಾರಿಕಾಂ ಸಂಸ್ಥೆಯು ಮೊಬೈಲಿನ ಮೂಲಕ ಹಣ ಕಳುಹಿಸುವ ‘ಎಂ-ಪೇಸ’ ವ್ಯವಸ್ಥೆಯನ್ನು ಆರಂಭಿಸಿದಾಗ ಈ ಹಳೆಯ ಮಾತಿಗೆ ಹೊಸದೊಂದು ಬಾಳು ಬಂದಿತು.

ಅದಕ್ಕೆ ಮೊದಲು, ನೈರೋಬಿಯಲ್ಲಿ ದುಡಿಯುವವನು ಊರಿನ ತಾಯಿತಂದೆಗಳಿಗೆ ಏನಾದರೂ ಕಳುಹಿಸಬೇಕಾದರೆ ಬಸ್ಸಿನವನ ಕೈಗೋ ಊರಿಗೆ ಹೊರಟ ಬಂಧುವಿನ ಕೈಗೋ ಒಪ್ಪಿಸಿ, ಅದು ಸೇರಿತೆಂಬ ಸುದ್ದಿ ಬರುವವರೆಗೆ ಕಳವಳದಿಂದ ಕಾಯಬೇಕಾಗಿದ್ದಿತು. ಈಗ ಬೀದಿಯ ಅಂಗಡಿಯವನಲ್ಲಿ ನಗದು ಕೊಟ್ಟು ತನ್ನ ಫೋನಿನಿಂದ ಕಳುಹಿಸಿದರೆ ಸಾಕು, ಕ್ಷಣಮಾತ್ರದಲ್ಲಿ ಅದು ಹಳ್ಳಿಯ ಫೋನಿನಲ್ಲಿ ಕಾಣಿಸುವುದು. ಬ್ಯಾಂಕಿನ ಹೊಸ್ತಿಲನ್ನೇ ತುಳಿಯದವರು ಕೆಲವೇ ವರ್ಷಗಳಲ್ಲಿ ಈ ವ್ಯವಹಾರದಲ್ಲಿ ನುರಿತವರಾದರು.

ಇನ್ನು ಮನೆಯ ಬೆಳಕಿನ ಮಾತು. ಸೂರ್ಯನಾದರೋ ಭೂಮಧ್ಯರೇಖೆಯ ಆ ನಾಡಿನಲ್ಲಿ ಎಂದೂ ಕೃಪಣನಾಗಿರಲಿಲ್ಲ. ಸೌರಫಲಕಗಳು 1980ರ ದಶಕದಿಂದಲೇ ಮಾರಾಟಕ್ಕಿದ್ದವು. ಆದರೆ ಅವನ್ನು ಕೊಂಡವರು ಬೆಲೆಯನ್ನು ಒಮ್ಮೆಗೇ ಎಣಿಸಿಕೊಡಬಲ್ಲ ಅನುಕೂಲಸ್ಥರು. ಬಡವನು ಬುಡ್ಡಿದೀಪಕ್ಕೆ ಬೇಕಾದಷ್ಟೇ ಸೀಮೆಎಣ್ಣೆಯನ್ನು ಅಂದಂದಿನ ಸಂಪಾದನೆಯಲ್ಲಿ ಕೊಳ್ಳುತ್ತಿದ್ದನು. ವರ್ಷವೆಲ್ಲ ಹೀಗೆ ತೆತ್ತುದನ್ನು ಕೂಡಿಸಿದರೆ ಅದೇನೂ ಅಲ್ಪವಾದ ಮೊತ್ತವಲ್ಲ; ಆದರೆ ಒಂದು ವರ್ಷದ ಹಣವನ್ನು ಒಂದೇ ದಿನ ಕೊಡಬಲ್ಲ ಕೈ ಅವನದಾಗಿರಲಿಲ್ಲ. ಬಡತನದ ಈ ಸೂಕ್ಷ್ಮವನ್ನು ಅರಿಯದೆ, ಹಳ್ಳಿಯವರಿಗೆ ಹೊಸದರಲ್ಲಿ ಆಸಕ್ತಿಯಿಲ್ಲವೆಂದು ದೂರುವುದು ಅನ್ಯಾಯವೆಂದೇ ನನ್ನ ಭಾವನೆ.

2012ರಲ್ಲಿ ವ್ಯಾಪಾರಕ್ಕಿಳಿದ ‘ಎಂ-ಕೊಪಾ’ ಸಂಸ್ಥೆಯು ಈ ತೊಡಕನ್ನು ಬಿಡಿಸಿತು. ‘ಕೊಪಾ’ ಎಂದರೆ ಸ್ವಾಹಿಲಿಯಲ್ಲಿ ಕಡ ತೆಗೆದುಕೊಳ್ಳುವುದು. ಅದರ ಸ್ಥಾಪಕರಲ್ಲೊಬ್ಬರಾದ ನಿಕ್ ಹ್ಯೂಸ್ ಎಂ-ಪೇಸವನ್ನು ರೂಪಿಸಿದವರಲ್ಲಿಯೂ ಒಬ್ಬರು. ಮಾಡಿನ ಮೇಲೊಂದು ಸಣ್ಣ ಫಲಕ, ಒಳಗೆ ಕೆಲವು ದೀಪ, ಒಂದು ರೇಡಿಯೊ, ಫೋನಿಗೆ ವಿದ್ಯುತ್ತು ತುಂಬುವ ತಂತಿ, ಇವೆಲ್ಲಕ್ಕೂ ಒಡೆಯನಂತೆ ಸಿಮ್ ಕಾರ್ಡನ್ನು ಒಡಲಲ್ಲಿರಿಸಿಕೊಂಡ ಒಂದು ಪೆಟ್ಟಿಗೆ. ಗೃಹಸ್ಥನು ಮೊದಲಿಗೆ ಸ್ವಲ್ಪ ಮುಂಗಡವಿತ್ತು, ಅನಂತರ ದಿನಕ್ಕೆ ಸುಮಾರು 40 ಕೀನ್ಯಾ ಷಿಲ್ಲಿಂಗಿನಂತೆ ಎಂ-ಪೇಸದಿಂದ ಕಳುಹಿಸುತ್ತ ಬಂದರೆ, ದೂರದಿಂದಲೇ ಪೆಟ್ಟಿಗೆಗೆ ಅಪ್ಪಣೆಯಾಗಿ ಬೆಳಕು ಹರಿಯುತ್ತಿದ್ದಿತು; ಸುಮಾರು ಒಂದು ವರ್ಷ ಸಂದಮೇಲೆ ಎಲ್ಲವೂ ಅವನ ಸ್ವಂತವಾಗುತ್ತಿದ್ದಿತು. ಹಣ ತಪ್ಪಿದ ದಿನ ಮನೆ ಕತ್ತಲಾಗುವ ಕಾಠಿಣ್ಯವೂ ಅದರಲ್ಲಿದ್ದಿತೆಂಬುದನ್ನು ಮರೆಯಲಾಗದು. ನಮ್ಮ ಕರ್ನಾಟಕದಲ್ಲಿ 1995ರಿಂದ ಹರೀಶ್ ಹಂದೆಯವರ ಸೆಲ್ಕೊ ಸಂಸ್ಥೆಯು ಇದೇ ಗಂಟನ್ನು ಗ್ರಾಮೀಣ ಬ್ಯಾಂಕುಗಳ ಸಾಲದಿಂದ ಬಿಚ್ಚತೊಡಗಿದ್ದಿತು. ಬ್ಯಾಂಕು ಹತ್ತಿರವಿಲ್ಲದ ಕೀನ್ಯಾದ ಊರುಗಳಲ್ಲಿ ಆ ಸ್ಥಾನಕ್ಕೆ ಐದು ವರ್ಷಗಳಿಂದ ಹಣ ಕಳುಹಿಸಲು ರೂಢಿಯಾಗಿದ್ದ ಫೋನು ಬಂದಿತು.

ಆ ಫೋನಿಗೆ ವಿದ್ಯುತ್ತು ತುಂಬಿಸಲೆಂದು ಪೇಟೆಯವರೆಗೆ ನಡೆದು, ಅಂಗಡಿಯಲ್ಲಿ ಕಾಸು ತೆತ್ತು ಕಾಯುತ್ತಿದ್ದ ಹೆಂಗಸರು ಎಷ್ಟೋ ಮಂದಿ. ಈಗ ಅದು ಮನೆಯ ಮಾಡಿನ ಬಿಸಿಲಿನಿಂದಲೇ ತುಂಬಿಕೊಳ್ಳುವುದು. ಮರುದಿನದ ಬೆಳಕಿನ ಹಣವೂ ಅದರಿಂದಲೇ ಹೋಗುವುದು.