ದುರಸ್ತಿ ಕಾಣದ ಸೇತುವೆ: ರಾವ್ನಿಂಗ್ ಎಂಗೆಯ ಜೌಗುದಾರಿ ಮತ್ತು ಯೆಲ್ಲಿಂಗ್‌ನ ಅವನತಿ

ಡೆನ್ಮಾರ್ಕಿನ ಯೂಟ್ಲೆಂಡಿನಲ್ಲಿ ವೈಲೆ ನದಿಯ ಕಣಿವೆ ಒಂದೆಡೆ ಅಗಲವಾದ ಜೌಗು ಹುಲ್ಲುಗಾವಲಾಗಿ ಹರಡಿಕೊಂಡಿದೆ. ರಾವ್ನಿಂಗ್ ಎಂಗೆ ಎಂಬುದು ಅದರ ಹೆಸರು. ಕ್ರಿ.ಶ. 980ರ ಆಸುಪಾಸಿನಲ್ಲಿ, ದೊರೆ ಹರಾಲ್ಡ್ ಬ್ಲೂಟೂತ್‌ನ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ, ಈ ಜೌಗನ್ನು ದಾಟಲು ಸುಮಾರು 760 ಮೀಟರ್ ಉದ್ದದ, 5 ಮೀಟರ್ ಅಗಲದ ಓಕ್ ಮರದ ಸೇತುವೆಯೊಂದು ಎದ್ದಿತು. 1950ರ ದಶಕದಲ್ಲಿ ಅದರ ಕಂಬಗಳ ಬುಡ ಕಣ್ಣಿಗೆ ಬಿದ್ದವು. 1970ರ ದಶಕದಲ್ಲಿ ಥೋರ್ಕಿಲ್ಡ್ ರಾಮ್‌ಸ್ಕೋ ಉತ್ಖನನ ನಡೆಸಿದರು. 1990ರ ದಶಕದಲ್ಲಿ ಮೋಗೆನ್ಸ್ ಸ್ಕೌ ಯೋರ್ಗೆನ್ಸೆನ್ ಸ್ಥಳವನ್ನು ಮತ್ತೆ ಪರಿಶೀಲಿಸಿದರು. ಅಂದಿನಿಂದ ಇದರ ಮೇಲಿನ ಬರಹಗಳಲ್ಲಿ ಸೇತುವೆಯ ಉದ್ದ ಮತ್ತು ಕಟ್ಟೋಣದ ಅಚ್ಚುಕಟ್ಟಿಗೇ ಹೆಚ್ಚಿನ ಜಾಗ. ಆದರೆ ಇದನ್ನು ಕಟ್ಟಿದ ಬಗೆಗಿಂತ ಕೈಬಿಟ್ಟ ಬಗೆಯೇ ಚರಿತ್ರೆಕಾರರಿಗೆ ಹೆಚ್ಚು ಉಪಯುಕ್ತ ಎಂಬುದು ನನ್ನ ವಾದ. ಹತ್ತಿರದ ಯೆಲ್ಲಿಂಗ್ ಎಂಬ ಅರಸು ನೆಲೆಗಾಗಿ ಹುಟ್ಟಿದ ಸೇತುವೆ, ಆ ನೆಲೆಯ ಮಹತ್ವ ಕುಂದಿದಾಗ ತಾನೂ ಅನಾಥವಾಯಿತು.

ಮೊದಲು ಕಂಬಗಳನ್ನೇ ನೋಡೋಣ. ಸುಮಾರು 2.4 ಮೀಟರಿಗೊಂದರಂತೆ ಅಡ್ಡಸಾಲುಗಳು; ಪ್ರತಿ ಸಾಲಿನಲ್ಲಿ ಚೌಕಕ್ಕೆ ಕೆತ್ತಿದ ನಾಲ್ಕು ನೆಟ್ಟನೆಯ ಓಕ್ ಕಂಬಗಳು, ಅವುಗಳ ಎರಡೂ ಹೊರಬದಿಗೆ ಓರೆಯಾಗಿ ಕೊಟ್ಟ ಒಂದೊಂದು ಆನಿಕೆ. ಇಡೀ ಉದ್ದಕ್ಕೆ ಲೆಕ್ಕ ಹಾಕಿದರೆ ನೆಟ್ಟನೆಯ ಕಂಬಗಳೇ ಸಾವಿರ ದಾಟುತ್ತವೆ. ಮೇಲಿನ ತೊಲೆ, ಹಲಗೆಗಳೆಲ್ಲ ಹೋಗಿವೆ. ಗಾಳಿಯಾಡದ ಒದ್ದೆ ಮಣ್ಣಿನಲ್ಲಿ ಹೂತಿದ್ದ ಬುಡಗಳು ಮಾತ್ರ ಉಳಿದಿವೆ. ಮರದ ವಾರ್ಷಿಕ ಉಂಗುರಗಳ ಪರೀಕ್ಷೆ ಇವನ್ನು ಒಂದೇ ಕಾಲಕ್ಕೆ, ಅಂದರೆ 980ರ ಸುಮಾರಿಗೆ, ಕೂರಿಸುತ್ತದೆ. ಇಲ್ಲಿ ನ್ಯಾಯವಾದ ಆಕ್ಷೇಪವೊಂದು ಏಳುತ್ತದೆ: ಹಲಗೆಗಳೇ ಸಿಗದಿರುವಾಗ ದುರಸ್ತಿ ನಡೆಯಲಿಲ್ಲವೆಂದು ಹೇಳುವುದು ಹೇಗೆ? ಹಲಗೆಯ ಮಟ್ಟಿಗೆ ಈ ಆಕ್ಷೇಪವನ್ನು ಒಪ್ಪಲೇಬೇಕು. ಕಂಬದ ಮಾತು ಬೇರೆ. ಮರ ಮೊದಲು ಕೊಳೆಯುವುದು ನೀರೂ ಗಾಳಿಯೂ ಸೇರುವ ಮಟ್ಟದಲ್ಲಿ. ಓಕ್ ಎಷ್ಟೇ ಗಟ್ಟಿಯಾದರೂ ಆ ಜಾಗದಲ್ಲಿ ಕೆಲವು ದಶಕ ತಾಳಿದರೆ ಹೆಚ್ಚು. ಸೇತುವೆ ಅದಕ್ಕೂ ಮೀರಿ ಬಳಕೆಯಲ್ಲಿದ್ದಿದ್ದರೆ ಹಳೆಯ ಕಂಬದ ಪಕ್ಕದಲ್ಲಿ ಹೊಸದನ್ನು ನೆಡಲೇಬೇಕಿತ್ತು, ನೆಟ್ಟಿದ್ದರೆ ಅದರ ಬುಡವೂ ಅದೇ ಮಣ್ಣಿನಲ್ಲಿ ಹಾಗೆಯೇ ಉಳಿಯುತ್ತಿತ್ತು. ಅಂಥ ಎರಡನೆಯ ತಲೆಮಾರಿನ ಕಂಬಗಳು ಸಿಕ್ಕಿಲ್ಲ. ಸಾಕ್ಷ್ಯದ ಅಭಾವವನ್ನೇ ಸಾಕ್ಷ್ಯವೆಂದು ಹಿಡಿಯುವುದು ಸಾಮಾನ್ಯವಾಗಿ ಅಪಾಯದ ದಾರಿ, ನಿಜ. ಆದರೆ ಇದ್ದಿದ್ದರೆ ಉಳಿಯಲೇಬೇಕಾದ ವಸ್ತು ಕಾಣದಿದ್ದಾಗ ಆ ಅಭಾವಕ್ಕೆ ತೂಕವಿದೆ.

ಇದಕ್ಕೆ ಬಹುಮಂದಿ ಕೊಡುವ ವಿವರಣೆ ಸೈನಿಕವಾದದ್ದು. 974ರಲ್ಲಿ ಚಕ್ರವರ್ತಿ ಎರಡನೆಯ ಒಟ್ಟೊ ದಕ್ಷಿಣದ ಗಡಿಗೋಡೆ ಡ್ಯಾನೆವಿರ್ಕೆಯ ಪ್ರದೇಶವನ್ನು ಗೆದ್ದುಕೊಂಡ; 982ರಲ್ಲಿ ಇಟಲಿಯಲ್ಲಿ ಅವನ ಸೇನೆ ಸೋತ ಮೇಲೆ, 983ರಲ್ಲಿ, ಡೇನರು ಅದನ್ನು ಮರಳಿ ಪಡೆದರು. ಈ ನಡುವಿನ ವರ್ಷಗಳಲ್ಲೇ ಸೇತುವೆಯೂ, ಟ್ರೆಲ್ಲೆಬೋರ್ಗ್ ಮಾದರಿಯ ವರ್ತುಲ ಕೋಟೆಗಳೂ ಎದ್ದವು. ಟ್ರೆಲ್ಲೆಬೋರ್ಗ್‌ನ ಮರ ಕಡಿದದ್ದು 980-81ರಲ್ಲಿ. ಹೀಗಾಗಿ ಯುದ್ಧ ಮುಗಿಯಿತು, ಸೇತುವೆಯ ಕೆಲಸವೂ ಮುಗಿಯಿತು ಎನ್ನುತ್ತಾರೆ. ಕಟ್ಟಿದ ಗಳಿಗೆಯನ್ನು ಈ ವಿವರಣೆ ಚೆನ್ನಾಗಿಯೇ ಬಿಡಿಸುತ್ತದೆ, ಕೈಬಿಟ್ಟದ್ದನ್ನು ಬಿಡಿಸುವುದಿಲ್ಲ. ಗಡಿಗೋಡೆ ಇಲ್ಲಿಂದ ನೂರು ಕಿಲೋಮೀಟರಿಗೂ ಹೆಚ್ಚು ದಕ್ಷಿಣಕ್ಕಿದೆ. ಸೈನ್ಯಕ್ಕಾಗಿ ಕಟ್ಟಿದ ದಾರಿಯನ್ನು ಶಾಂತಿ ಬಂದ ಮೇಲೆ ಎತ್ತಿನ ಗಾಡಿಯವರು ಬೇಡವೆನ್ನಲು ಕಾರಣವಿಲ್ಲ. ಆಚೆಯ ದಂಡೆಯಲ್ಲಿ ನಿತ್ಯ ಕೆಲಸವಿರುವ ಜನರಿದ್ದಿದ್ದರೆ ಜೌಗಿನ ಮೇಲಿನ ಗಟ್ಟಿ ದಾರಿಯನ್ನು ಅವರು ಅಷ್ಟು ಸುಲಭವಾಗಿ ಬಿಟ್ಟುಕೊಡುತ್ತಿರಲಿಲ್ಲ. ಯೂಟ್ಲೆಂಡಿನ ಬೆನ್ನುಮೂಳೆಯಂತೆ ಉತ್ತರ ದಕ್ಷಿಣವಾಗಿ ಸಾಗುವ ಹಳೆಯ ಹೆದ್ದಾರಿ, ಹೇರ್‌ವೈ, ಇದರ ಪಶ್ಚಿಮಕ್ಕೆ ಹಾಯುತ್ತದೆ. ಊರವರ, ವ್ಯಾಪಾರಿಗಳ, ದನಗಾಹಿಗಳ ಓಡಾಟ ಅಲ್ಲಿ ಸೇತುವೆಗೆ ಮೊದಲೂ ಇತ್ತು, ಆಮೇಲೂ ಇತ್ತು.

ಕಟ್ಟಲು ಬಲ್ಲ ಈ ದೊರೆಗಳಿಗೆ ಕಾಪಾಡಿಕೊಳ್ಳುವ ವ್ಯವಸ್ಥೆಯೇ ಇರಲಿಲ್ಲ ಎಂದು ಯಾರಾದರೂ ಹೇಳಬಹುದು. ಅದೇ ಕಾಲದ ಇಂಗ್ಲೆಂಡನ್ನು ಪಕ್ಕಕ್ಕಿಟ್ಟು ನೋಡಿದರೆ ಈ ಮಾತಿಗೆ ಬಲವೂ ಬರುತ್ತದೆ. ಅಲ್ಲಿ ಸೇತುವೆ ಕೆಲಸ ಭೂಮಿಯ ಮೇಲಿನ ಖಾಯಂ ಹೊರೆಯಾಗಿತ್ತು. ರಾಚೆಸ್ಟರ್ ಸೇತುವೆಯ 1000ದ ಸುಮಾರಿನ ಪಟ್ಟಿಯೊಂದು ಒಂಬತ್ತು ಕಂಬಗಟ್ಟೆಗಳನ್ನು ಹಂಚಿ, ಇದು ಬಿಷಪ್ಪನದು, ಇದು ರಾಜನದು, ಇದು ಇಂತಿಂಥ ಹಳ್ಳಿಗಳದು ಎಂದು ತೊಲೆ ಹಲಗೆಯ ಸಮೇತ ಗೊತ್ತುಮಾಡುತ್ತದೆ. ಡೆನ್ಮಾರ್ಕಿನಲ್ಲಿ ಆ ಕಾಲದ ಇಂಥ ಪಟ್ಟಿ ಇಲ್ಲ. ಆದರೆ ಡ್ಯಾನೆವಿರ್ಕೆ ಇದೆಯಲ್ಲ! 737ರ ಮರಗಳು, 968ರ ವಿಸ್ತರಣೆ, ಹನ್ನೆರಡನೆಯ ಶತಮಾನದಲ್ಲಿ ಮಹಾ ವಾಲ್ಡೆಮಾರ್ ಕಟ್ಟಿಸಿದ ಇಟ್ಟಿಗೆಯ ಗೋಡೆ: ಒಂದೇ ಸಾಲಿನ ಮೇಲೆ ನಾಲ್ಕು ಶತಮಾನಗಳ ಕೈಕೆಲಸ. ಯಾವ ದೊರೆ ಬಂದರೂ ಗಡಿ ಗಡಿಯೇ ಆಗಿದ್ದುದರಿಂದ ಅದನ್ನು ಮತ್ತೆ ಮತ್ತೆ ಕಟ್ಟಿದರು. ಕಾಪಾಡುವ ಶಕ್ತಿ ಡೇನರಿಗಿತ್ತು. ರಾವ್ನಿಂಗ್‌ನಲ್ಲಿ ಇಲ್ಲದಿದ್ದುದು ಅದನ್ನು ಬಯಸುವ ವಾರಸುದಾರ.

ವಾರಸುದಾರ ಏಕಿರಲಿಲ್ಲ ಎಂಬುದಕ್ಕೆ ಉತ್ತರ ಈಶಾನ್ಯಕ್ಕೆ ಹತ್ತು ಕಿಲೋಮೀಟರ್ ದೂರದಲ್ಲಿದೆ. ಡೆನ್ಮಾರ್ಕನ್ನೆಲ್ಲ ಗೆದ್ದೆ, ಡೇನರನ್ನು ಕ್ರೈಸ್ತರನ್ನಾಗಿ ಮಾಡಿದೆ ಎಂದು ಹರಾಲ್ಡ್ ರೂನ್ ಲಿಪಿಯಲ್ಲಿ ಕೊರೆಸಿದ ಬಂಡೆ ಯೆಲ್ಲಿಂಗ್‌ನಲ್ಲಿದೆ. ಅಲ್ಲೇ ಎರಡು ಮಹಾದಿಬ್ಬಗಳಿವೆ, ಅವನ್ನು ಸುತ್ತುವರಿದು ಪ್ರತಿ ಬದಿ ಸುಮಾರು 360 ಮೀಟರಿನ ಓಕ್ ಬೇಲಿಯಿತ್ತು. ದಕ್ಷಿಣದಿಂದ ಬರುವ ದೂತನೋ ಸಾಮಂತನೋ ಕೆಸರು ತುಳಿಯದೆ, ದೊರೆಯ ಕಾಡಿನ ಓಕ್ ಮೇಲೆ ಮುಕ್ಕಾಲು ಕಿಲೋಮೀಟರ್ ನಡೆದು ಇಲ್ಲಿಗೆ ಬರಬೇಕೆಂಬುದು ಯೋಜನೆಯ ಭಾಗವಾಗಿದ್ದಿರಬೇಕು ಎಂದು ನಾನು ಭಾವಿಸುತ್ತೇನೆ. ಸೈನಿಕ ಉಪಯೋಗಕ್ಕೆ ಇದು ವಿರೋಧವಲ್ಲ. ಒಂದೇ ಹಾದಿಯಲ್ಲಿ ಸೈನ್ಯವೂ ನಡೆಯುತ್ತದೆ, ಮೆರವಣಿಗೆಯೂ ನಡೆಯುತ್ತದೆ. 980ರ ದಶಕದ ನಡುವೆ ಮಗ ಸ್ವೆಯ್ನ್‌ನ ದಂಗೆಯಲ್ಲಿ ಹರಾಲ್ಡ್ ಅಧಿಕಾರ ಕಳೆದುಕೊಂಡು ಸತ್ತ. ಬ್ರೆಮೆನ್ನಿನ ಆದಮ್ ಹೇಳುವಂತೆ ಅವನನ್ನು ಹೂಳಿದ್ದು ರೋಸ್ಕಿಲ್ಡೆಯಲ್ಲಿ, ಅಂದರೆ ಸಮುದ್ರದಾಚೆಯ ಷೆಲ್ಯಾಂಡಿನಲ್ಲಿ. ಮುಂದಿನ ದೊರೆಗಳ ಅಧಿಕಾರದ ಭಾರವೂ ಪೂರ್ವಕ್ಕೆ, ರೋಸ್ಕಿಲ್ಡೆ ಮತ್ತು ಲುಂಡ್ ಕಡೆಗೆ ಸರಿಯಿತು. ಯೆಲ್ಲಿಂಗ್‌ನ ಓಕ್ ಬೇಲಿಯೂ ಬಹುಕಾಲ ನಿಲ್ಲಲಿಲ್ಲ, ವರ್ತುಲ ಕೋಟೆಗಳೂ ಬೇಗನೆ ಬರಿದಾದವು. ಇವುಗಳನ್ನು ಬಿಡಿಬಿಡಿಯಾಗಿ ವಿವರಿಸಲು ಹೊರಟರೆ ಒಂದೊಂದಕ್ಕೂ ಒಂದೊಂದು ಅವಸಾನದ ಕಥೆ ಹುಡುಕಬೇಕಾಗುತ್ತದೆ. ಒಟ್ಟಾಗಿ ಇಟ್ಟರೆ ಅಂಥ ತೊಡಕಿಲ್ಲ. ಉಂಗುರಗಳ ಎಣಿಕೆ ಸೇತುವೆ ಹುಟ್ಟಿದ ವರ್ಷವನ್ನಷ್ಟೇ ಹೇಳಬಲ್ಲದು. ಅದರ ಕೊನೆಯನ್ನು ಗೊತ್ತುಮಾಡಲು ನೆಟ್ಟಿರದ ಹೊಸ ಕಂಬಗಳನ್ನು ಯೆಲ್ಲಿಂಗ್‌ನ ಬೇಲಿಯೊಂದಿಗೆ ಸೇರಿಸಿಯೇ ಓದಬೇಕು.