ಜನಿವಾರಕ್ಕೆ ಪೋಪ್ ಕೊಟ್ಟ ಅನುಮತಿ

ಹೊಸ ಪೋಪ್ ಆಯ್ಕೆಯಾದಾಗಲೆಲ್ಲ ನಮ್ಮ ಟಿವಿಗಳಲ್ಲೂ ವ್ಯಾಟಿಕನ್ನಿನ ಬಿಳಿ ಹೊಗೆ ಕಾಣಿಸುತ್ತೆ. ಆಗ ಒಂದಿಷ್ಟು ಗೆಳೆಯರು ಬರೀತಾರೆ: ಅಲ್ಲಿ ಪೋಪ್ ಹೇಳಿದ್ದೇ ಕೊನೆ ಮಾತು, ಅಲ್ಲಿ ಜಾತಿ ಇಲ್ಲ. ಮೊದಲನೆಯದು ಬಹುಮಟ್ಟಿಗೆ ನಿಜ. ಎರಡನೆಯದನ್ನ ಸ್ವಲ್ಪ ಇತಿಹಾಸ ತಿರುವಿ ನೋಡೋಣ.

ಕ್ಯಾಥೊಲಿಕ್ ಸಭೆಯ ಕಾನೂನಿನ ಪ್ರಕಾರ ಪೋಪ್ ಅಧಿಕಾರ ಪರಮೋಚ್ಚ. ಅದರ ಮೇಲೆ ಮೇಲ್ಮನವಿ ಇಲ್ಲ. ಬಿಷಪ್ಪರನ್ನು ನೇಮಿಸೋದು, ನೇಮಕ ಒಪ್ಪೋದು ಅವರೇ. ಪೋಪ್ ತಪ್ಪೇ ಮಾಡಲ್ಲ ಅನ್ನೋದು ಮಾತ್ರ ಜನ ತಿಳಿದ ಹಾಗಿಲ್ಲ. 1870ರ ಮೊದಲನೇ ವ್ಯಾಟಿಕನ್ ಮಹಾಸಭೆ ಹೇಳಿದ್ದು, ನಂಬಿಕೆ ಅಥವಾ ನೀತಿಯ ವಿಷಯದಲ್ಲಿ ಪೀಠದಿಂದ ವಿಧಿವತ್ತಾಗಿ ಘೋಷಿಸಿದಾಗ ಅದು ತಪ್ಪಾಗಲಾರದು ಅಂತ. ಆಮೇಲೆ ಎಲ್ಲರೂ ಒಪ್ಪುವ ಹಾಗೆ ಅದು ಬಳಕೆಯಾದದ್ದು ಒಂದೇ ಸಲ, 1950ರಲ್ಲಿ, ಮೇರಿಮಾತೆ ದೇಹಸಮೇತ ಸ್ವರ್ಗಕ್ಕೆ ಹೋದಳು ಅನ್ನೋ ಘೋಷಣೆಗೆ. ಜಾತಿಯ ಮೇಲೆ ಆ ಅಸ್ತ್ರ ಯಾವತ್ತೂ ಬಿದ್ದಿಲ್ಲ.

ಹಾಗಂತ ಜಾತಿಯ ಪ್ರಶ್ನೆ ರೋಮಿಗೆ ಹೋಗಲೇ ಇಲ್ಲ ಅಂತಲ್ಲ. ಬಹಳ ಹಿಂದೆಯೇ ಹೋಗಿತ್ತು.

1606ರಲ್ಲಿ ರಾಬರ್ಟೊ ಡಿ ನೊಬಿಲಿ ಅನ್ನೋ ಇಟಲಿಯ ಜೆಸ್ಯೂಟ್ ಪಾದ್ರಿ ಮಧುರೈಗೆ ಬಂದ. ಅಲ್ಲಿ ಮೊದಲೇ ಒಬ್ಬ ಪಾದ್ರಿ ಕರಾವಳಿಯ ಪರವರ ನಡುವೆ ಕೆಲಸ ಮಾಡ್ತಿದ್ದ. ಮೇಲ್ಜಾತಿಯವರು ಹತ್ತಿರ ಬರ್ತಿರಲಿಲ್ಲ. ನೊಬಿಲಿ ಏನು ಮಾಡಿದ? ಕಾವಿ ಉಟ್ಟ, ಮಾಂಸ ಬಿಟ್ಟ, ಬ್ರಾಹ್ಮಣ ಅಡುಗೆಯವನನ್ನು ಇಟ್ಟುಕೊಂಡ, ಹಳೇ ಪಾದ್ರಿಯಿಂದಲೇ ದೂರ ವಾಸ ಮಾಡಿದ. ಮತಾಂತರವಾದ ಬ್ರಾಹ್ಮಣರು ಜನಿವಾರ, ಜುಟ್ಟು, ಗಂಧ ಇಟ್ಟುಕೊಳ್ಳಬಹುದು, ಇವು ಧರ್ಮದ ಗುರುತಲ್ಲ, ಬರೀ ಸಾಮಾಜಿಕ ಅಂತಸ್ತಿನ ಗುರುತು ಅಂತ ವಾದಿಸಿದ. ಅವನು ಸಂಸ್ಕೃತ, ತಮಿಳು ಕಲಿತ ದೊಡ್ಡ ವಿದ್ವಾಂಸ, ಅದರಲ್ಲಿ ಅನುಮಾನವಿಲ್ಲ. ಆದರೆ ಅಂತಸ್ತಿನ ಗುರುತು ಅಂದ ಮೇಲೆ ನಮಗೆ ಅದಕ್ಕಿಂತ ಬೇರೆ ತಕರಾರು ಇನ್ನೇನಿದೆ ಹೇಳಿ? ನಮ್ಮನ್ನ ಹೊರಗಿಟ್ಟಿದ್ದೇ ಆ ಅಂತಸ್ತು.

ಗೋವಾದ ಆರ್ಚ್‌ಬಿಷಪ್ ವಿರೋಧಿಸಿದರು. ಜಗಳ ರೋಮ್ ಮುಟ್ಟಿತು. 1623ರ ಜನವರಿ 31ರಂದು ಹದಿನೈದನೇ ಗ್ರೆಗರಿ ಆಜ್ಞೆ ಹೊರಡಿಸಿ ಜನಿವಾರ, ಜುಟ್ಟು, ಗಂಧಕ್ಕೆ ಷರತ್ತಿನ ಮೇಲೆ ಅನುಮತಿ ಕೊಟ್ಟರು. ಅದೇ ಆಜ್ಞೆಯ ಕೊನೆಗೆ, ಕುಲದ ಹೆಮ್ಮೆಯವರು ಕೆಳಗಿನವರನ್ನು ಚರ್ಚಿನೊಳಗೆ ದೂರ ಇಡಬಾರದು ಅನ್ನೋ ಮಾತೂ ಇದೆ. ಗಮನಿಸಿ: ಜನಿವಾರಕ್ಕೆ ಸಿಕ್ಕಿದ್ದು ಅನುಮತಿ, ನಮ್ಮವರಿಗೆ ಸಿಕ್ಕಿದ್ದು ವಿನಂತಿ. ಕ್ರೈಸ್ತ ಮಿಷನ್‌ಗಳ ಬಗ್ಗೆ ಬರೆಯುವಾಗ ಬಾಬಾಸಾಹೇಬರೂ ಈ ನೊಬಿಲಿಯ ಪ್ರಸಂಗವನ್ನು ಬಿಟ್ಟಿಲ್ಲ. ನಮ್ಮ ಮೈಸೂರು ಸೀಮೆಗೆ 1640ರ ದಶಕದ ಕೊನೆಗೆ ಬಂದ ಜೆಸ್ಯೂಟ್ ಚಿನ್ನಾಮಿ ಹಿಡಿದದ್ದೂ ಇದೇ ಸನ್ಯಾಸಿ ದಾರಿ.

ಮುಂದಿನದು ಇನ್ನೂ ಕಟುವಾದದ್ದು. ಪರಯರ ಮನೆಯಲ್ಲಿ ಯಾರಾದರೂ ಸಾಯೋ ಸ್ಥಿತಿಯಲ್ಲಿದ್ದರೂ ಈ ಪಾದ್ರಿಗಳು ಮನೆಯೊಳಗೆ ಕಾಲಿಡ್ತಿರಲಿಲ್ಲ. ಮೇಲ್ಜಾತಿಯವರ ಕಣ್ಣಲ್ಲಿ ಮೈಲಿಗೆಯಾಗಿಬಿಡುತ್ತಲ್ಲ! 1704ರಲ್ಲಿ ಪೋಪ್ ಪ್ರತಿನಿಧಿ ಟೂರ್ನೊನ್ ಪಾಂಡಿಚೇರಿಗೆ ಬಂದು, ಇದು ನಡೆಯಲ್ಲ, ಮನೆಗೆ ಹೋಗಿ ಸಂಸ್ಕಾರ ಕೊಡಲೇಬೇಕು ಅಂತ ಆದೇಶಿಸಿದ. ಜೆಸ್ಯೂಟರು ಮೇಲ್ಮನವಿ ಮೇಲೆ ಮೇಲ್ಮನವಿ ಹಾಕಿದರು. ನಲವತ್ತು ವರ್ಷ ಎಳೆದಾಡಿ, 1744ರಲ್ಲಿ ಹದಿನಾಲ್ಕನೇ ಬೆನೆಡಿಕ್ಟ್ ಕೊನೇ ತೀರ್ಪು ಕೊಟ್ಟರು. ಆದೇಶ ಉಳಿಯಿತು. ಜೊತೆಗೆ ಜೆಸ್ಯೂಟರ ಒಂದು ಸಲಹೆಗೂ ಒಪ್ಪಿಗೆ ಸಿಕ್ಕಿತು: ಪರಯರಿಗೆ ಅಂತಲೇ ಬೇರೆ ಪಾದ್ರಿಗಳು. ದೇವರು ಒಬ್ಬನೇ, ಪಾದ್ರಿ ಮಾತ್ರ ಬೇರೆ.

ಇದರ ಪಕ್ಕದಲ್ಲಿ ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಲಂ ಇಟ್ಟು ನೋಡಿ. ಅಲ್ಲಿನ ಚರ್ಚಿನೊಳಗೇ ಜಾತಿಯ ಗೋಡೆ ಇತ್ತು. 1910ರಲ್ಲಿ ಆ ಗೋಡೆಯನ್ನ ಒಡೆದು ಹಾಕಿದರು. ಮೇಲ್ಜಾತಿ ಕ್ರೈಸ್ತರು ಬಿಷಪ್ ವಿರುದ್ಧ ಮದ್ರಾಸ್ ಹೈಕೋರ್ಟಿನವರೆಗೂ ಹೋಗಿ ಸೋತರು. ಪೀಠದ ಪವಿತ್ರ ಘೋಷಣೆಯೇನೂ ಬೇಕಾಗಲಿಲ್ಲ. ಸ್ಥಳೀಯ ಅಧಿಕಾರಕ್ಕೆ ಮನಸ್ಸು ಬಂತು, ಗೋಡೆ ಬಿತ್ತು.

2003ರ ನವೆಂಬರಿನಲ್ಲಿ ಎರಡನೇ ಜಾನ್ ಪಾಲ್ ತಮಿಳುನಾಡಿನ ಬಿಷಪ್ಪರನ್ನ ಎದುರಿಗಿಟ್ಟುಕೊಂಡು, ದಲಿತರನ್ನು ಬೇರ್ಪಡಿಸಬಾರದು, ಕ್ರೈಸ್ತರ ನಡುವಿನ ಜಾತಿ ಪೂರ್ವಗ್ರಹ ಸಭೆಯ ಕೆಲಸಕ್ಕೇ ಅಡ್ಡಿ ಅಂತ ನೇರವಾಗಿ ಹೇಳಿದರು. ಒಳ್ಳೆಯ ಮಾತೇ. ಆದರೆ ಅದು ಭಾಷಣ, ಶಿಕ್ಷೆಯಿರುವ ಕಾನೂನಲ್ಲ. 2016ರಲ್ಲಿ ಭಾರತದ ಬಿಷಪ್ಪರ ಮಂಡಳಿಯೇ ದಲಿತ ಸಬಲೀಕರಣ ನೀತಿ ಹೊರತಂದು, ಸಭೆಯೊಳಗೆ ಅಸ್ಪೃಶ್ಯತೆ ಇದೆ ಅಂತ ಒಪ್ಪಿಕೊಂಡಿತು. ಭಾರತದ ಕ್ಯಾಥೊಲಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಮ್ಮವರೇ. ಬಿಷಪ್ಪರಲ್ಲಿ ಹುಡುಕಿದರೆ ಬೆರಳೆಣಿಕೆ.

2022ರ ಆಗಸ್ಟಿನಲ್ಲಿ ಪೋಪ್ ಫ್ರಾನ್ಸಿಸ್ ಹೈದರಾಬಾದಿನ ಆಂಥೊನಿ ಪೂಲ ಅವರನ್ನು ಕಾರ್ಡಿನಲ್ ಮಾಡಿದರು. ಮೊದಲ ದಲಿತ ಕಾರ್ಡಿನಲ್, ಮುಂದಿನ ಪೋಪ್ ಆಯ್ಕೆಗೆ ಓಟು ಹಾಕುವ ಹಕ್ಕಿರುವವರು. ಸಣ್ಣ ಮಾತಲ್ಲ ಅದು, ನಾನೂ ಖುಷಿಪಟ್ಟೆ. ಅದೇ ವರ್ಷ ಪುದುಚೇರಿಗೆ ಹೊಸ ಆರ್ಚ್‌ಬಿಷಪ್ ನೇಮಕವಾದಾಗ ಅಲ್ಲಿನ ದಲಿತ ಕ್ರೈಸ್ತರು ಬೀದಿಗಿಳಿದರು. ಟೂರ್ನೊನ್ ಆದೇಶ ಹೊರಡಿಸಿದ ಅದೇ ಊರು. ಅವರು ಕೇಳಿದ್ದು ಇಷ್ಟೇ: ನಮ್ಮಲ್ಲೊಬ್ಬರನ್ನ ಯಾಕೆ ಮಾಡಲಿಲ್ಲ?