ಒಂದೇ ಕಲ್ಲಿನ ಮೇಲೆ ಇದ್ದ ಯೋಜನೆ



ಮುಂದಿನ ವರ್ಷದ ಕ್ರಿಯಾಯೋಜನೆಗೆ ಗ್ರಾಮಸಭೆ ಕರೆಯೋ ಕಾಲ ಬರ್ತಾ ಇದೆ. ಪ್ರತಿ ಸಲ ಸಿಸಿ ರಸ್ತೆ, ಚರಂಡಿ, ಬೀದಿ ದೀಪ ಬರೆಸಿ ಎದ್ದು ಬರ್ತೀವಿ. ಈ ಸಲ ಹೋಗೋ ಮುಂಚೆ ನಮ್ಮ ಕೋಲಾರ ಸೀಮೆಯ ಹಳೇ ಲೆಕ್ಕ ಒಂದು ಸಲ ನೋಡೋಣ ಅಂತ ಇದನ್ನ ಬರೀತಿದ್ದೀನಿ.

ನಮಗೆ ವರ್ಷವಿಡೀ ಹರಿಯೋ ಹೊಳೆ ಇಲ್ಲ. ಪಾಲಾರ್, ಪಿನಾಕಿನಿ ಎಲ್ಲಾ ಮಳೆ ಬಂದಾಗ ಬಂದು ಹೋಗುವಂಥವು. ಅದಕ್ಕೇ ಹಿರಿಯರು ಸರಪಳಿ ಥರ ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ರಾಜಕಾಲುವೆಯಲ್ಲಿ ನೀರು ಕೆಳಗಿನ ಕೆರೆಗೆ. 2007 ರಲ್ಲಿ ಚಿಕ್ಕಬಳ್ಳಾಪುರ ಬೇರೆ ಆಗೋ ಮುಂಚೆ ನಮ್ಮ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆ ಇದ್ದವು. 1860 ರ ದಶಕದಲ್ಲಿ ಮೈಸೂರು ಸೀಮೆಯ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ ಸಾಹೇಬರೇ ಇಲ್ಲಿ ಹೊಸ ಕೆರೆಗೆ ಜಾಗ ಹುಡುಕೋದು ಕಷ್ಟ ಅಂದಿದ್ದರು.

ಈ ಕೆರೆಗಳ ಹಿಂದೆ ಒಂದು ಕಟ್ಟುಪಾಡು ಇತ್ತು. ರೈಸ್ ಅವರು 1905 ರಲ್ಲಿ ಕೋಲಾರ ಜಿಲ್ಲೆಯ ಶಾಸನಗಳ ಸಂಪುಟ ಅಚ್ಚು ಹಾಕಿಸಿದರು. ಕೆರೆ ಶಾಸನ ಓದಿದರೆ ಗೊತ್ತಾಗುತ್ತೆ: ಕೆರೆ ಕಟ್ಟಿದವನು ಯಾರು, ಅವನಿಗೆ ಕೊಟ್ಟ ಗದ್ದೆ ಎಲ್ಲಿ, ಅದರ ಎಲ್ಲೆ ಯಾವುದು. ದಶವಂದ, ಕಟ್ಟುಕೊಡಗೆ, ಬಿಟ್ಟುವಟ್ಟ ಅನ್ನೋ ಮಾತೆಲ್ಲಾ ಕೆರೆಗಾಗಿ ಬಿಟ್ಟ ಭೂಮಿಯದ್ದೇ. ನಕ್ಷೆ, ದುಡ್ಡು, ದುರಸ್ತಿ ಎಲ್ಲಾ ಒಂದೇ ಕಡೆ. ಕೆರೆ ತುಂಬಿದರೆ ಗದ್ದೆ, ಗದ್ದೆ ಬೆಳೆದರೆ ಕೆರೆ ಕೆಲಸ.

ತೂಬು ಎತ್ತೋದು ನೀರುಗಂಟಿ ಕೆಲಸ. ನೀರು ಕಮ್ಮಿ ಇದ್ದ ವರ್ಷ ಯಾವ ಗದ್ದೆಗೆ ಎಷ್ಟು ಬಿಡಬೇಕು ಅನ್ನೋದು ಅವನಿಗೆ ಗೊತ್ತಿತ್ತು. ಸುಗ್ಗಿಯಲ್ಲಿ ಕಣದಿಂದ ಅವನ ಪಾಲು ಹೋಗ್ತಿತ್ತು. ಹಂಗಂತ ಆ ಕಾಲ ಚಿನ್ನ ಅಂತ ನಾನು ಹೇಳೋದಿಲ್ಲ. ನಮ್ಮ ಕಡೆ ಈ ಕೆಲಸ ಹೆಚ್ಚಾಗಿ ದಲಿತ ಮನೆಗಳಿಗೆ ವಂಶಪಾರಂಪರ್ಯವಾಗಿ ಬಂದಿದ್ದು. ಊರಿನ ಗದ್ದೆಗೆಲ್ಲಾ ನೀರು ಹಾಯಿಸಿದವರಿಗೆ ಅಚ್ಚುಕಟ್ಟಿನಲ್ಲಿ ಇದ್ದ ಭೂಮಿ ಎಷ್ಟು ಅಂತ ಕೇಳಿದರೆ ನಾವು ತಲೆ ತಗ್ಗಿಸಬೇಕು.

ಆಮೇಲೆ ಆ ಒಂದು ಕಲ್ಲು ಚೂರು ಚೂರಾಯ್ತು. 1863 ರಲ್ಲಿ ಸರ್ವೆ ಇಲಾಖೆ ಶುರುವಾಗಿ ನಕ್ಷೆ ಕಂದಾಯದವರ ಕಡೆ ಹೋಯ್ತು, ಏರಿ ತೂಬಿನ ದುರಸ್ತಿ ಎಂಜಿನಿಯರುಗಳ ಕಡೆ ಹೋಯ್ತು. ಊರಿನವರ ಕೈಗೆ ಮತ್ತೆ ಕೆರೆ ಕೊಡೋಣ ಅಂತ 1911 ರಲ್ಲಿ ಕೆರೆ ಪಂಚಾಯ್ತಿ ಕಾನೂನೂ ಬಂತು.

1961 ರಲ್ಲಿ ಎರಡು ಕಾನೂನು. ಒಂದು, ಗ್ರಾಮದ ವಂಶಪಾರಂಪರ್ಯ ಹುದ್ದೆಗಳ ರದ್ದತಿ. ಅದು ಆಗಬೇಕಾದ್ದೇ. ಆದರೆ ನೀರುಗಂಟಿಯ ಜಾಗದಲ್ಲಿ ಸಂಬಳ ಕೊಟ್ಟು ತೂಬು ನೋಡೋರನ್ನ ಊರೂರಿಗೂ ಇಡಲಿಲ್ಲ. ಇವತ್ತು ನೀರುಗಂಟಿ ಅಂದರೆ ಕುಡಿಯೋ ನೀರಿನ ವಾಲ್ವ್ ತಿರುಗಿಸೋರು. ಇನ್ನೊಂದು, ನಗರ ಮತ್ತು ಗ್ರಾಮಾಂತರ ಯೋಜನಾ ಕಾನೂನು. ಪೇಟೆಯ ನಕ್ಷೆ ಬರೆಯೋಕೆ ಶುರುವಾಗಿದ್ದು ಅಲ್ಲಿಂದ. ನೀರಿನ ದಾರಿ ಬಲ್ಲವನು ಹೋದ, ನಕ್ಷೆ ಬರೆಯೋರು ಬಂದರು. ಇಬ್ಬರೂ ಒಂದು ದಿನ ಕೂತು ಮಾತಾಡಲಿಲ್ಲ.

ಈಗ ನಲವತ್ತು ಹೆಕ್ಟೇರ್ ಮೇಲಿನ ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿಗೆ, ಅದಕ್ಕಿಂತ ಚಿಕ್ಕದು ಪಂಚಾಯ್ತಿ ಕಡೆಗೆ, ಕಾಲುವೆಯ ಖರಾಬು ಕಂದಾಯಕ್ಕೆ, ಲೇಔಟ್ ಮಂಜೂರಾತಿ ಇನ್ನೊಬ್ಬರಿಗೆ. ನಮ್ಮ ಕೆಳಗಿನ ಕೆರೆ ಹೂಳೆತ್ತಿದರು, ಮಣ್ಣು ನಾವೇ ಹೊಲಕ್ಕೆ ಹೊಡೆದುಕೊಂಡೆವು. ಮಳೆ ಬಂತು, ಕೆರೆಗೆ ನೀರು ಬರಲಿಲ್ಲ. ಮೇಲೆ ಒಂದು ಲೇಔಟ್‌ನವರು ಕಾಲುವೆ ಮುಚ್ಚಿ ಸೈಟು ಮಾಡಿದ್ದರು. ಹೂಳಿನ ಫೈಲು ಒಂದು ಕಡೆ, ಸೈಟಿನ ಫೈಲು ಇನ್ನೊಂದು ಕಡೆ.

ಹಿರಿಯರ ನಕ್ಷೆ ಸತ್ತಿಲ್ಲ. 2018 ರಲ್ಲಿ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂತಲ್ಲ, ಅಲ್ಲಿಂದ ಮುಂದಿನ ಕೆರೆಗಳಿಗೆ ಕೋಡಿಯಿಂದ ಕೋಡಿಗೆ ಇಳಿದು ಹೋಗಿದ್ದು. ಅದು ಬೆಂಗಳೂರಿನ ಕೊಳಚೆಯನ್ನ ಎರಡು ಹಂತ ಶುದ್ಧ ಮಾಡಿದ ನೀರು, ಮೂರನೇ ಹಂತ ಬೇಕು ಅನ್ನೋ ನಮ್ಮ ಒತ್ತಾಯ ನ್ಯಾಯವಾದದ್ದೇ. ಆದರೆ ಇಳಿಜಾರಿನ ಲೆಕ್ಕ ಇವತ್ತಿಗೂ ತಪ್ಪಿಲ್ಲ ಅನ್ನೋದು ಕಣ್ಣಾರೆ ಕಂಡಿತು.

ಚೂರುಗಳನ್ನ ಜೋಡಿಸೋಕೆ ಸಂವಿಧಾನದಲ್ಲೇ ದಾರಿ ಇದೆ. 74 ನೇ ತಿದ್ದುಪಡಿ ಜಿಲ್ಲಾ ಯೋಜನಾ ಸಮಿತಿ ಇರಬೇಕು ಅನ್ನುತ್ತೆ. ಹಳ್ಳಿಯ ಯೋಜನೆ, ಪಟ್ಟಣದ ಯೋಜನೆ ಎರಡನ್ನೂ ಅದು ಒಟ್ಟು ಸೇರಿಸಬೇಕು. ಯಾವ ಜಾಗದಲ್ಲಿ ಏನು ಬರಬೇಕು, ನೀರು ಹಂಚಿಕೆ ಹೆಂಗೆ, ಪರಿಸರ ಉಳಿಸೋದು ಹೆಂಗೆ ಅಂತ ನೋಡಿಯೇ ಸೇರಿಸಬೇಕು. ನಾವು ಬರೀ ಚರಂಡಿ ಬರೆಸಿದರೆ ಅವರು ಸೇರಿಸೋದೂ ಚರಂಡಿಯನ್ನೇ.

ಅದಕ್ಕೆ ಈ ಸಲ ಗ್ರಾಮ ನಕ್ಷೆ ತಗೊಂಡು ಬನ್ನಿ, ಸರ್ವೆ ಇಲಾಖೆ ಜಾಲತಾಣದಲ್ಲಿ ಸಿಗುತ್ತೆ. ಮೊದಲು ಕಾಲುವೆಗಳಿಗೆ ನೀಲಿ ಗೆರೆ ಎಳೆಯೋಣ. ಅಳತೆ ಮಾಡಿಸಿ ಎಲ್ಲೆ ಕಲ್ಲು ನೆಡಿಸೋದನ್ನ ಮೊದಲ ಕಾಮಗಾರಿ ಅಂತ ನಡಾವಳಿಯಲ್ಲಿ ಬರೆಸೋಣ. ಮೇಲಿನ ಪಂಚಾಯ್ತಿಯವರಿಗೂ ಒಂದು ಪ್ರತಿ ಕೊಡೋಣ, ನೀರು ಬರೋದು ಅವರ ಕಡೆಯಿಂದ. ತೂಬು ನೋಡೋರಿಗೆ ಸಂಬಳವೂ ಅದೇ ಹಾಳೆಯಲ್ಲಿ ಇರಲಿ. ಸಿಸಿ ರಸ್ತೆ ಆಮೇಲೆ ಬರೆಸೋಣ, ಅದೂ ನೀಲಿ ಗೆರೆ ದಾಟೋ ಕಡೆ ಮೋರಿ ಇಟ್ಟು.